ನದಿ ದಾಟದವನ ಫೋನ್ ಬಿಲ್

ನಮ್ಮ ಬೀದಿಯ ಹೊಲಿಗೆ ಮೆಷಿನ್ ರಿಪೇರಿಯವನಿಗೆ ಕಿವಿ ಡಾಕ್ಟರ್ ಎಂದು ಹೆಸರಿಟ್ಟವನು ನಾನೇ. ಅವನ ಪಕ್ಕದ ಗುಂಡಿ-ದಾರದ ಅಂಗಡಿ ನನ್ನದು. ನಡುವೆ ಒಂದೇ ಗೋಡೆ. ಮೆಷಿನ್ ಬಿಚ್ಚುವ ಮೊದಲು ಅವನು ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಾನೆ. ಒಳಗೆ ದಾರದ ಚೂರು ಸಿಕ್ಕಿದೆ ಎಂದರೆ ಸಿಕ್ಕಿರಲೇಬೇಕು. ದೂರದ ಗಿರಾಕಿಗಳು ಫೋನನ್ನು ಪಕ್ಕ ಇಟ್ಟು ಮೆಷಿನ್ ತುಳಿಯುತ್ತಾರೆ, ಇವನು ಕೂತಲ್ಲಿಂದಲೇ ಕಾಯಿಲೆ ಹೇಳುತ್ತಾನೆ. ಹೆಸರು ನಂಬಿ ಒಮ್ಮೆ ಒಬ್ಬ ಮುದುಕ ನಿಜವಾದ ಕಿವಿನೋವು ಹೊತ್ತುಕೊಂಡು ಬಂದು ಅರ್ಧ ಗಂಟೆ ಕಾದು ಕೂತಿದ್ದ.

ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅವನು ಸ್ಪೀಕರ್ ಹಾಕಿ ಅಕ್ಕನಿಗೆ ಫೋನ್ ಮಾಡುತ್ತಾನೆ. ಅವಳ ಊರಿಗೆ ರೈಲಿನಲ್ಲಿ ಒಂದು ಹಗಲಿನ ದಾರಿ. ತಾಯಿ ಹೋದ ಮೇಲೆ ಬಟ್ಟೆ ಹೊಲಿದು ಇವನನ್ನು ಸಾಕಿದವಳು ಅವಳು. ಇವರ ಮಾತುಕತೆ ಕೇಳಿದರೆ ನಗು ಬರುತ್ತದೆ.

"ಅಕ್ಕಾ, ಮೆಷಿನ್ ಹೇಗಿದೆ?"

"ನೀನೇ ಕೇಳು."

ಆಮೇಲೆ ಎರಡು ನಿಮಿಷ ಬರೀ ಟಕಟಕ.

"ಚೆನ್ನಾಗಿದೆ ಅಕ್ಕಾ."

"ಸರಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಇಡ್ತೀನಿ."

ಇಷ್ಟಕ್ಕೆ ಒಂದು ಫೋನ್ ಬೇಕಾ ಎಂದು ಒಮ್ಮೆ ರೇಗಿಸಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಒಂದು ವರ್ಷದಿಂದ ಅಕ್ಕನ ಸೂಜಿ ಕೆಳಗೆ ಬಟ್ಟೆ ಇಲ್ಲ ಕಣೋ. ಕಣ್ಣು ಸಾಲ್ತಿಲ್ಲ, ಹೊಲಿಯೋದು ಬಿಟ್ಟಿದಾಳೆ. ನಾನು ಚಿಂತೆ ಮಾಡ್ತೀನಿ ಅಂತ ಖಾಲಿ ಮೆಷಿನ್ ತುಳೀತಾಳೆ."

"ಗೊತ್ತಾಯ್ತು ಅಂತ ಹೇಳಿಬಿಡೋದಲ್ವಾ?"

"ಹೇಳಿದ್ರೆ ತುಳಿಯೋದನ್ನೂ ಬಿಡ್ತಾಳೆ. ಆಮೇಲೆ ಅವಳು ಹೇಗಿದಾಳೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಅದಾದ ಮೇಲೆ ನಾನು ರೇಗಿಸಲಿಲ್ಲ. ನನ್ನ ಬಾಯಿಗೂ ಒಂದು ಬೀಗ ಇದೆ.

ಕಳೆದ ತಿಂಗಳು ಅವನ ಫೋನ್ ಬಿಲ್ ಬಂತು. ಬಿಲ್ ಅಲ್ಲ, ಪುರಾಣ, ಏಳು ಹಾಳೆ. ಮೊತ್ತ ಮೂರು ಪಟ್ಟು ಏರಿತ್ತು. ದೂರದ ಕರೆ, ಹೊರವಲಯದ ಕರೆ, ಮೊದಲ ನಿಮಿಷ, ನಂತರದ ನಿಮಿಷ, ಅದರ ಮೇಲೊಂದು ಸೇವಾ ಶುಲ್ಕ. ಅಡಿಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರ. ಅವನಿಗೆ ಓದಲಾಗಲಿಲ್ಲ, ನನಗೆ ಓದಲಾಯಿತು, ತಿಳಿಯಲಿಲ್ಲ. ಇಬ್ಬರೂ ಕಂಪನಿಯ ಕಚೇರಿಗೆ ಹೋದೆವು. ಚೀಟಿ ಹಿಡಿದು ಮುಕ್ಕಾಲು ಗಂಟೆ ಕಾದ ಮೇಲೆ ಕೌಂಟರಿನ ಹುಡುಗಿ ಪರದೆ ನೋಡಿ ಹೇಳಿದಳು, "ಬಿಲ್ ಸರಿಯಾಗೇ ಇದೆ ಅಂಕಲ್. ಇವೆಲ್ಲ ನೀವು ನದಿ ಆಚೆ ಹೋಗಿದ್ದಾಗ ಮಾಡಿರೋ ಕರೆಗಳು. ಆಚೆ ದಡ ಬೇರೆ ವಲಯ."

"ನಾನು ನದಿ ದಾಟಿ ಹನ್ನೊಂದು ವರ್ಷ ಆಯ್ತಮ್ಮ!"

"ಸಿಸ್ಟಮ್ಮಲ್ಲಿ ಹಂಗೇ ಇದೆ ಅಂಕಲ್. ದಿನಾ ಹೋಗಿದೀರ."

ಈ ಸುದ್ದಿಯನ್ನು ಅವನು ಮನೆಯಲ್ಲಿ ಹೇಳಬಾರದಿತ್ತು. ಅವನ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತರು. "ದಿನಾ ನದಿ ಆಚೆ ಹೋಗ್ತೀರಾ? ಯಾರಿದಾರಪ್ಪಾ ಅಲ್ಲಿ? ಇರೋ ಒಬ್ಬಳನ್ನ ಸುಧಾರಿಸೋಕೇ ನಿಮಗೆ ಉಸಿರಿಲ್ಲ!" ಅವನ ಜೊತೆ ಹೋಗಿದ್ದ ನಾನು ನಕ್ಕೆ. ಅವನು ನಗಲಿಲ್ಲ.

ಆ ಸಂಜೆಯೇ ಅಕ್ಕನಿಗೆ ಫೋನ್ ಮಾಡಿ, ಇನ್ನು ಮುಂದೆ ಭಾನುವಾರ ಮಾತ್ರ ಮಾತಾಡೋಣ ಎಂದ. "ಒಳ್ಳೇದಾಯ್ತು ಬಿಡು, ನಂಗೂ ಕೆಲಸ ಇರತ್ತೆ" ಎಂದಳಂತೆ ಅಕ್ಕ. ಅವಳಿಗೆ ಏನು ಕೆಲಸವಿದೆಯೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮಾರನೆಯ ದಿನದಿಂದ ಹನ್ನೊಂದಾದರೆ ಸಾಕು, ಗೋಡೆಯಾಚೆ ಅವನ ಸುತ್ತಿಗೆಯ ಸದ್ದು ನಿಲ್ಲುತ್ತಿತ್ತು. ಎರಡು ನಿಮಿಷ ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು. ನನಗೆ ಆ ಮೌನ ಸಹಿಸಲಾಗಲಿಲ್ಲ, ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದೆ. ಕೈಲಾಗದವನು ಮೈ ಪರಚಿಕೊಂಡನಂತೆ, ನನ್ನದು ಅದೇ ಕಥೆ.

ಹತ್ತನೆಯ ದಿನ ಅವನು ತನ್ನ ವಿದ್ಯೆಗೆ ಇಳಿದ. ಕೆಟ್ಟ ಮೆಷಿನ್ನನ್ನು ಬಿಚ್ಚಿ ಭಾಗಗಳನ್ನೆಲ್ಲ ಹಳೆ ಹೊದಿಕೆಯ ಮೇಲೆ ಸಾಲಾಗಿ ಇಡುವುದು ಅವನ ಪದ್ಧತಿ. ಯಾವುದು ಉಳಿದವಕ್ಕೆ ಹೊಂದುವುದಿಲ್ಲವೋ ಅಲ್ಲಿ ದೋಷ. ಹಾಗೆಯೇ ಬಿಲ್ಲನ್ನು ಕತ್ತರಿಸಿ, ಒಂದೊಂದು ಕರೆಯನ್ನು ಒಂದೊಂದು ಪಟ್ಟಿ ಮಾಡಿ ಹೊದಿಕೆಯ ಮೇಲೆ ಜೋಡಿಸಿದ. ಊಟದ ಡಬ್ಬಿ ತಂದ ಹೆಂಡತಿ ಬಗ್ಗಿ ನೋಡಿದರು.

"ಇದೇನ್ರೀ, ಅಡುಗೆ ಏನು ಅಂತ ನಂಗೆ ಫೋನ್ ಮಾಡಿದ್ದೂ ದೂರದ ಕರೆನಾ? ಮನೆ ಇರೋದು ಮೂರನೇ ಬೀದೀಲಿ!"

"ಅದೇ ನೋಡು. ಆದ್ರೆ ಈ ಒಂದು ವಾರದ್ದಕ್ಕೆ ಮಾತ್ರ ಏನೂ ಹಾಕಿಲ್ಲ. ಅಕ್ಕಂಗೆ ಮಾಡಿದ್ದಕ್ಕೂ ಇಲ್ಲ."

ಅವರು ತಾರೀಕು ನೋಡಿದರು. "ಆ ವಾರ ಅಂಗಡಿಗೆ ಸುಣ್ಣ ಹೊಡೀತಿದ್ರಲ್ಲ. ನೀವು ಇವರ ಅಂಗಡೀಲಿ ಕೂತಿದ್ರಿ."

ಮೂವರೂ ಎದ್ದೆವು. ಎರಡು ತಿಂಗಳ ಹಿಂದೆ, ಬೀದಿಯ ಗದ್ದಲಕ್ಕೆ ಮೆಷಿನ್ ಸದ್ದು ಕೇಳಿಸುವುದಿಲ್ಲವೆಂದು ಅವನು ತನ್ನ ಮೇಜನ್ನು ಹಿಂದಿನ ಕಿಟಕಿಗೆ ಸರಿಸಿದ್ದ. ಕಿಟಕಿಯಾಚೆ ನದಿ, ನದಿಯಾಚೆ ಎತ್ತರದ ಒಂದು ಟವರ್. ಫೋನನ್ನು ಮೇಜಿನ ಮೇಲೆ ಇಟ್ಟರೆ ಪರದೆಯಲ್ಲಿ ಆಚೆ ವಲಯದ ಹೆಸರು. ನನ್ನ ಅಂಗಡಿಗೆ ತಂದರೆ ನಮ್ಮದು. ಮನುಷ್ಯ ಸ್ಟೂಲಿನ ಮೇಲೆ ಕೂತಿದ್ದಾನೆ, ಅವನ ಫೋನ್ ದಿನಾ ನದಿ ದಾಟಿ ಹೋಗಿ ಬರುತ್ತಿದೆ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆವಲ್ಲ ಎಂದು ನಾನು ಹಣೆ ಬಡಿದುಕೊಂಡೆ. ಹೆಂಡತಿ ನಗುತ್ತಾ ನೆಲಕ್ಕೇ ಕೂತರು.

"ಮೇಜು ಮುಂದಕ್ಕೆ ತರೋಣ" ಎಂದೆ.

"ಮುಂದೆ ಬರೀ ಗಲಾಟೆ, ಅಕ್ಕನ ಮೆಷಿನ್ ಕೇಳಿಸಲ್ಲ" ಎಂದು ಅವನು ನನ್ನ ಅಂಗಡಿಯ ಒಳಮೂಲೆ ನೋಡಿದ. ಅಲ್ಲಿ ಮೂರೂ ಕಡೆ ಸೂರಿನವರೆಗೆ ಉಣ್ಣೆಯ ಉಂಡೆಗಳು. ನೊಣ ಹಾರಿದರೂ ಕೇಳಿಸುವಷ್ಟು ಮೌನ. ಅಂಗಡಿ ನನ್ನದು, ಮೂಲೆ ನನ್ನದು, ಆದರೆ ನನ್ನನ್ನು ಒಂದು ಮಾತು ಕೇಳದೆ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟ.

ಅಲ್ಲಿಂದಲೇ ಫೋನ್ ಮಾಡಿದ. ಅಕ್ಕ ಎಲ್ಲ ಕೇಳಿ ಒಂದೇ ಮಾತು ಕೇಳಿದಳು, "ಹಾಗಾದ್ರೆ ಮತ್ತೆ ದಿನಾ ಮಾಡ್ತೀಯಾ?" ಆ ಧ್ವನಿ ನನಗೂ ಕೇಳಿಸಿತು.

ಈಗ ಹನ್ನೊಂದಾದರೆ ನನ್ನ ಗಿರಾಕಿಗಳೂ ಪಿಸುಮಾತಿನಲ್ಲಿ ಗುಂಡಿ ಕೇಳುತ್ತಾರೆ. ಮೊನ್ನೆ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದವನು ಥಟ್ಟನೆ ನನ್ನ ಕೈ ಹಿಡಿದ.

"ಬಟ್ಟೆ ಇದೆ!"

"ಎಲ್ಲಿ?"

"ಸೂಜಿ ಕೆಳಗೆ! ದಪ್ಪ ಬಟ್ಟೆ, ಎರಡು ಪದರ. ಅಕ್ಕಾ, ಏನು ಹೊಲೀತಿದೀಯ?"

"ನಿನ್ನ ಫೋನಿಗೆ ಒಂದು ಚೀಲ. ಅವರ ಅಂಗಡೀಲೇ ನೇತುಹಾಕು, ಮತ್ತೆ ನದಿ ದಾಟ್ಬಾರದು. ದಾರ ಪಕ್ಕದ ಮನೆಯವಳು ಪೋಣಿಸಿ ಕೊಟ್ಲು."

ಚೀಲ ನಿನ್ನೆ ಅಂಚೆಯಲ್ಲಿ ಬಂತು. ಮೂವತ್ತು ವರ್ಷ ದಾರ ಮಾರಿದವನು ನಾನು, ಬಾಯಿ ಸುಮ್ಮನಿರಲಿಲ್ಲ. "ಹೊಲಿಗೆ ಸೊಟ್ಟ ಹೋಗಿದೆ ಕಣೋ" ಎಂದೆ.

"ಸುಮ್ನಿರು. ಹೊಲಿಯೋವಾಗ ನಾನು ಕೇಳಿದೀನಿ" ಎಂದ ಅವನು. "ಒಂದೂ ತಪ್ಪಿಲ್ಲ."

ನಾನು ಸುತ್ತಿಗೆ ತಂದು, ಉಣ್ಣೆಯ ಮೂಲೆಯಲ್ಲಿ ಒಂದು ಮೊಳೆ ಹೊಡೆದೆ.