ಅಟ್ಟದಲ್ಲಿ ಕೂಗಿದ ಕಾಯಿ

ಹೇಮಲತಾ ಮಿಸ್ ನಮ್ಮ ಕಣಕಟ್ಟೆ ಶಾಲೆಯ ವಿಜ್ಞಾನದ ಟೀಚರ್. ಅರಸೀಕೆರೆ ಬಸ್ ತಪ್ಪಿದರೂ ನಗುತ್ತಾರೆ, ತಮ್ಮ ರಾಕೆಟ್ಟನ್ನು ಯಾರಾದರೂ ಪಟಾಕಿ ಎಂದರೆ ಮಾತ್ರ ಉರಿದುಬೀಳುತ್ತಾರೆ. ನಾನು ಕನ್ನಡ ಮೇಷ್ಟ್ರು. ರಾಕೆಟ್ ನನಗೆ ತಿಳಿಯದು, ಅವರ ಕೋಪ ಚೆನ್ನಾಗಿ ತಿಳಿಯುತ್ತದೆ.

ಆ ರಟ್ಟಿನ ರಾಕೆಟ್ಟಿನ ಜೀವವೆಲ್ಲ ಇದ್ದದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಯಂತ್ರದಲ್ಲಿ. ಎಷ್ಟು ಎತ್ತರ ಹೋಯಿತೆಂದು ಅದು ನೆನಪಿಟ್ಟುಕೊಂಡು, ನೆಲಕ್ಕೆ ಬಿದ್ದ ಮೇಲೆ ಅಂಕಿ ಅಂಕಿಯಾಗಿ ಕೀಂ ಕೀಂ ಎಂದು ಮತ್ತೆ ಮತ್ತೆ ಕೂಗಿ ಹೇಳುತ್ತದೆ. ಪೆಟ್ಟಾಗಬಾರದೆಂದು ಮಿಸ್ ಅದನ್ನು ಪುಟ್ಟ ಕರಟದೊಳಗಿಟ್ಟು ಮೇಲೆ ತೆಂಗಿನ ನಾರು ಸುತ್ತಿದ್ದರು. ಈ ತೆಂಗಿನ ಸೀಮೆಯವರಿಗೆ ಇನ್ನೇನು ಹೊಳೆಯಬೇಕು!

"ಮಾಲೇಕಲ್ಲು ಬೆಟ್ಟಕ್ಕಿಂತ ಎತ್ತರ ಹೋಗುತ್ತೆ," ಎಂದರು ಮಿಸ್.

"ತೆಂಗಿನಮರ ದಾಟಿದ್ರೆ ಹೆಚ್ಚು ಕಣ್ರೀ," ಎಂದರು ಪಿಟಿ ಮೇಷ್ಟ್ರು ಭೀಮರಾಜ್.

ಸೋತವರು ಬರಿಗಾಲಲ್ಲಿ ಆ ಬೆಟ್ಟದ ಮೆಟ್ಟಿಲು ಹತ್ತಬೇಕೆಂದು ಪಂದ್ಯವಾಯಿತು. ಮೆಟ್ಟಿಲೆಂದರೆ ಸಾಕು, ಮಿಸ್‌ಗೆ ಮಂಡಿ ನೋವು.

ರಾಕೆಟ್ಟೇನೋ ಸುಯ್ಯೆಂದು ಹೋಯಿತು. ಆದರೆ ಇಳಿಯುವಾಗ ಪ್ಯಾರಾಚೂಟಿನ ದಾರ ಕಿತ್ತು, ಕರಟ ಶಾಲೆ ಪಕ್ಕದ ಸಿದ್ದಬಸಪ್ಪನವರ ತೆಂಗಿನ ತೋಟದೊಳಗೆ ಬಿತ್ತು. ಸಂಜೆಯವರೆಗೂ ಹುಡುಕಿದೆವು, ಸಿಗಲಿಲ್ಲ. ಭೀಮರಾಜ್ ಮುಖ ಅರಳಿದ್ದು ನೋಡಿ ನನಗೆ ಮೈ ಉರಿಯಿತು.

ಮರುದಿನ ಸಿದ್ದಬಸಪ್ಪನವರ ಹೆಂಡತಿ ರುದ್ರಮ್ಮ ಶಾಲೆಗೇ ಬಂದರು. "ಏನ್ ಮಿಸ್ಸೇ, ನಮ್ಮ ಅಟ್ಟದಾಗೆ ಕಾಯಿ ಕೂಗ್ತಾ ಐತಲ್ಲ!"

ನಾವು ಹುಡುಕಲು ಹೋಗುವ ಮೊದಲೇ ಅವರ ಮನೆಯವರು ಬಿದ್ದ ಕಾಯಿಗಳ ಜೊತೆ ಅದನ್ನೂ ಆರಿಸಿ, ಕೊಬ್ಬರಿಯಾಗಲೆಂದು ಅಟ್ಟಕ್ಕೇರಿಸಿದ್ದರು. ನಾವು ಮೂವರೂ ಓಡಿದೆವು. ಸಿದ್ದಬಸಪ್ಪ ಅಡ್ಡ ನಿಂತರು. "ಅಟ್ಟಕ್ಕೇರಿದ ಕಾಯಿ ಒಣಗೋಗಂಟ ಅಲ್ಲಾಡಿಸಂಗಿಲ್ಲ. ಬರೋ ವರ್ಷ ಇಳಿಸ್ತೀನಿ, ಆಗ ಬನ್ನಿ."

"ಬೇಡ ಬಿಡಿ, ಕೂಗೋದು ಕೇಳಿಸಿದ್ರೆ ಸಾಕು," ಎಂದು ಮಿಸ್ ಅಟ್ಟದ ಕೆಳಗೆ ನಿಂತು ಬೆರಳು ಎಣಿಸತೊಡಗಿದರು. ಎಣಿಸುತ್ತ ಎಣಿಸುತ್ತ ಅವರ ಮುಖ ಚಿಕ್ಕದಾಯಿತು. ಆ ಕೂಗಿನ ಲೆಕ್ಕ ನಮಗ್ಯಾರಿಗೂ ತಿಳಿಯದು, ಬಾಯಿಗೆ ಬಂದ ಎತ್ತರ ಹೇಳಿದ್ದರೂ ನಂಬುತ್ತಿದ್ದೆವು.

"ಬೆಟ್ಟದ ಅರ್ಧನೂ ಹೋಗಿಲ್ಲ. ಸೋತೆ," ಎಂದರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಹಳ ಅಭಿಮಾನ ಬಂತು.

ಗಂಡನ ಮಾತಿಗೆ ಕಿವಿಗೊಡದೆ ರುದ್ರಮ್ಮ ಅಟ್ಟ ಹತ್ತಿ, ಕರಟವನ್ನು ತಂದು ಮಿಸ್ ಕೈಗಿಟ್ಟರು.

ಭಾನುವಾರ ಮಿಸ್ ಸೆರಗಿನ ತುದಿಗೆ ಯಂತ್ರ ಕಟ್ಟಿಕೊಂಡು, ಗೊಣಗುತ್ತ ಬೆಟ್ಟ ಹತ್ತಿದರು. ಮಧ್ಯದಲ್ಲಿ ಚಪ್ಪಲಿ ಮೆಟ್ಟಿಕೊಂಡಾರೆಂದು ಕಾಯಲು ಭೀಮರಾಜ್ ಕೊನೆಯ ಮೆಟ್ಟಿಲವರೆಗೂ ಹಿಂದೆಯೇ ಬಂದರು. ತಮಾಷೆ ನೋಡಲು ನಾನೂ ಹೋಗಿದ್ದೆ.

ಬೆಟ್ಟದ ತುದಿಯ ದೇವಸ್ಥಾನದ ಮುಂದೆ ಮಿಸ್ ಸೆರಗಿನ ಗಂಟು ಬಿಚ್ಚಿ ಯಂತ್ರವನ್ನು ನೆಲಕ್ಕಿಟ್ಟರು. ಅದು ಕೀಂ ಕೀಂ ಎಂದಿತು.

"ಈಗ ಏರ್ತು ನೋಡಿ, ಬೆಟ್ಟದಷ್ಟು! ಅಲ್ಲಾ ಮೇಷ್ಟ್ರೇ, ಸೋತವಳು ನಾನು, ನೀವ್ಯಾಕೆ ಹತ್ತಿದ್ರಿ?"

ಪಿಟಿ ಮೇಷ್ಟ್ರು ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲ ಮೇಲೇ ಕುಕ್ಕರಿಸಿದರು.