ಎಡಗೈಯ ಅಂಕಿ

ರೇಖಾ, ನಿನ್ನ ಅವ್ವನ ಎಡಗೈಯಲ್ಲಿ ನನಗೆ ನಾಡಿ ಸಿಕ್ಕಿರಲಿಲ್ಲ. ಆದರೂ ಅವಳ ತಪಾಸಣೆಯ ಕಾರ್ಡಿನಲ್ಲಿ ಆ ಕೈಗೂ ಬಿ.ಪಿ. ಬರೆದೆ. ಬಲಗೈಯದು ನೂರಾ ಮೂವತ್ತಿತ್ತು. ಎಡಗೈಗೆ ನೂರಾ ಇಪ್ಪತ್ತೆಂಟು ಎಂದು ಹಾಕಿದೆ. ಎರಡು ಕಡಿಮೆ — ಅಳೆದು ಬರೆದಂತೆ ಕಾಣಲಿ ಎಂದು.

ಅದು ಬರದ ವರ್ಷ. ಔರಾದ ಕಡೆಯ ಬಸ್ಸುಗಳ ತುಂಬ ಹೈದರಾಬಾದಿಗೆ, ಪುಣೆಗೆ ಗುಳೆ ಹೊರಟವರು. ನಿನ್ನ ಶಾಲೆ ಬಿಡಿಸಬಾರದೆಂದು ನಿನ್ನ ಅವ್ವ ಊರೂರು ಅಲೆಯದೆ, ಬೀದರ ಪಕ್ಕದ ಕೊಳಾರದ ಕಾರ್ಖಾನೆಗೆ ಕೆಲಸ ಕೇಳಿ ಬಂದಿದ್ದಳು. ನಾನು ಅಲ್ಲಿಯ ನರ್ಸು. ತಪಾಸಣೆಗೆ ನಿಂತ ಹೆಂಗಸರ ಸಾಲು ಗೇಟಿನವರೆಗಿತ್ತು. ಅವಳ ಎಡಗೈಗೆ ಪಟ್ಟಿ ಸುತ್ತಿ ಎರಡು ಸಲ ಗಾಳಿ ತುಂಬಿದೆ — ಸದ್ದೇ ಇಲ್ಲ. ಮಣಿಕಟ್ಟು ಹಿಡಿದೆ, ತಣ್ಣಗಿತ್ತು.

"ಸಿಸ್ಟರ್, ಈ ಕೈ ಭಾಳ ದಿನದಿಂದ ಹಿಂಗೇ ಅದರಿ. ಅರಿವಿ ಹಿಂಡಿದ್ರ ಜೋಮು ಹಿಡೀತದ್ರಿ."

"ನೀರು ಹೊತ್ತು ಹೊತ್ತು ಹಂಗಾಗ್ಯಾದ. ಹೋಗವ್ವ," ಎಂದೆ.

ಅವಳಿಗೆ ಕೆಲಸ ತಪ್ಪಬಾರದೆಂದು ಕನಿಕರಪಟ್ಟೆ — ಹೀಗೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹಸಿವಾಗಿತ್ತು, ಬೇಸರ ಬಂದಿತ್ತು. ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಬಲಗೈಗೆ ಸರಿಯಿದ್ದ ಯಂತ್ರ ಎಡಗೈಗೆ ಬಂದೊಡನೆ ಕೆಟ್ಟೀತೇ?

ಇನ್ನೊಂದಿದೆ — ಅದೇ ದೊಡ್ಡದು. ಆರು ತಿಂಗಳ ಮೇಲೆ ಅವಳು ಬೆನ್ನುನೋವೆಂದು ಬಂದಳು. ಡಾಕ್ಟರು ಕಾರ್ಡು ನೋಡಿ, ಎರಡೂ ಕೈಯ ಬಿ.ಪಿ. ಸರಿಯಿದೆಯಲ್ಲ ಎಂದು ಮುಲಾಮು ಬರೆದುಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮೂರನೆಯ ದಿನ ಅವಳು ಹೋದಳು. ಎದೆಯ ದೊಡ್ಡ ರಕ್ತನಾಳದ ಗೋಡೆಗೆ ಬಹಳ ದಿನದಿಂದ ಉರಿಯೂತವಿತ್ತು, ಎಡಗೈಗೆ ಹೋಗುವ ಕವಲು ಮುಚ್ಚಿತ್ತು, ತೆಳುವಾದ ಗೋಡೆ ಉಬ್ಬಿ ಒಡೆಯಿತು — ದೊಡ್ಡಾಸ್ಪತ್ರೆಯವರು ಹೇಳಿದ್ದು ಇಷ್ಟು. ನಾಡಿ ಸಿಗದ ಕೈಯೇ ಅದರ ಗುರುತಂತೆ. ಮೊದಲೇ ತಿಳಿದಿದ್ದರೆ ಔಷಧವಿತ್ತಂತೆ.

ಅವ್ವನಿಗೆ ಕೆಲಸ ಸಿಗಲು ನೆರವಾದವಳೆಂದು ನೀನು ನನ್ನನ್ನು ಮರೆಯಲಿಲ್ಲ. ಈಗ ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದೀಯ. ಮೊನ್ನೆ ಮೈಲೂರಿನ ನನ್ನ ಮನೆಗೆ ಬಂದು ನನ್ನದೇ ಬಿ.ಪಿ. ನೋಡಿ ಅಭ್ಯಾಸ ಮಾಡಿದೆ. ಒಂದು ಕೈ ಸಾಕು ಬಿಡು ಎಂದೆ ನಾನು.

"ಇಲ್ರಿ ಆಂಟಿ, ಎರಡೂ ನೋಡಬೇಕ್ರಿ. ನಮ್ಮವ್ವಂದು ನೀವು ಎರಡೂ ನೋಡಿದ್ರಲ್ರಿ. ಆ ಕಾರ್ಡು ಜ್ವಾಕಿ ಮಾಡಿ ಇಟ್ಟೀನ್ರಿ."

ನಾನು ಇನ್ನೊಂದು ಕೈಯನ್ನೂ ಕೊಟ್ಟೆ.

ಆ ಕಾರ್ಡು ತೆಗೆದು ನೋಡು, ರೇಖಾ. ಬಲಗೈಯ ಅಂಕಿ ಮಾತ್ರ ನಿನ್ನ ಅವ್ವನದು. ಎಡಗೈಯದು ನನ್ನದು. ಅದನ್ನು ನೀನು ಯಾರ ಮುಂದೆ ಇಟ್ಟರೂ, ನಾನೇ ಬರೆದದ್ದು ಎಂದು ಬಂದು ಹೇಳುತ್ತೇನೆ.