ಅಂಗಾಲಿಗೆ ಗೊತ್ತಿದ್ದ ಇಳಿಜಾರು

ಹಮ್ಮಿಗಿಯಲ್ಲಿ ಗೋವಿನಜೋಳದ ವ್ಯಾಪಾರ ಕುದುರಿಸಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದೆ. ಚಹಾ ಅಂಗಡಿಯ ಕವಿತಾ ಸಕ್ಕರೆ ಡಬ್ಬಿಗೆ ಫೋನ್ ಆನಿಸಿಟ್ಟು ನೋಡುತ್ತಿದ್ದಳು. ಕ್ರಿಕೆಟ್ ಇರಬೇಕೆಂದು ಬಗ್ಗಿದರೆ ಗಾಲ್ಫ್! ವಿದೇಶದಲ್ಲಿ ನಡೆಯುತ್ತಿದ್ದ ಹೆಂಗಸರ ದೊಡ್ಡ ಚಾಂಪಿಯನ್‌ಷಿಪ್.

“ಈಕಿ ನಮ್ಮ ದೇಶದಾಕಿರಿ. ಈ ಚೆಂಡು ಕುಣಿಯಾಗ ಬಿದ್ರ ನಾಳೆ, ನಾಡಿದ್ದು ಆಡತಾಳ. ತಪ್ಪಿದ್ರ ಇವತ್ತ ಗಂಟುಮೂಟಿ ಕಟ್ಟಬೇಕು,” ಎಂದಳು.

ಕೇಳದಿದ್ದರೂ ಸಲಹೆ ಕೊಡುವುದು ನನ್ನ ಚಾಳಿ. “ನಾಕು ಹೆಜ್ಜಿ ಐತಿ. ಸೀದಾ ಹೊಡದ್ರ ಆತು.”

“ಸೀದಾ ಹೊಡದ್ರ ಕೆಟ್ಟಿತ್ರಿ ಸಾವ್ಕಾರ್ರ. ಅಲ್ಲಿ ನೀರ ಬಿಟ್ರ ಬಲಕ್ಕ ಹರೀತೈತಿ.” ಹೊಲಕ್ಕೆ ನೀರು ಹಾಯಿಸಿ, ಕೆಸರುಗಾಲಲ್ಲೇ ಚಹಾಕ್ಕೆ ಬಂದಿದ್ದ ಗಂಗವ್ವನ ಮಾತು.

“ಇಷ್ಟ ಸಣ್ಣ ಫೋನಿನ್ಯಾಗ ನಿನಗ ಇಳಿಜಾರು ಕಾಣತೈತೇನಬೇ?” ಎಂದು ನಕ್ಕೆ.

ಅಷ್ಟರಲ್ಲಿ ಆ ಆಟಗಾರ್ತಿ ಚೆಂಡಿನ ದಾರಿಯ ಎರಡೂ ಬದಿಗೆ ಕಾಲಿಟ್ಟು, ಕಣ್ಣು ಮುಚ್ಚಿ ನಿಂತಳು. ನೆಲ ಯಾವ ಕಡೆ ವಾಲಿದೆಯೆಂದು ಗಾಲ್ಫಿನವರು ಅಂಗಾಲಿನಿಂದಲೇ ತಿಳಿಯುತ್ತಾರಂತೆ.

ಗಂಗವ್ವ ಎದ್ದೇಬಿಟ್ಟಳು. “ನೋಡ್ರಿ, ಕಾಲಿಲೆ ನೋಡಾಕತ್ಯಾಳ! ಹೊಲದಾಗ ನಾವೂ ಹಿಂಗ.”

ಆಟಗಾರ್ತಿ ಎಡಕ್ಕೆ ಹೊಡೆದಳು. ಚೆಂಡು ನಿಧಾನವಾಗಿ ಬಲಕ್ಕೆ ಹೊರಳಿ, ಕುಣಿಯ ಅಂಚಿನಲ್ಲಿ ಒಂದು ಕ್ಷಣ ತಡೆದು, ಒಳಗೆ ಬಿತ್ತು. ಕವಿತಾ ಸೌಟು ಎತ್ತಿ ಕೂಗಿದಳು.

ಹೊಲ ಕೊಳ್ಳುವವರಿಗೆ ನನ್ನದೊಂದು ಮಾತು: ಮಾಲೀಕನನ್ನು ಆಮೇಲೆ ಕೇಳಿ, ನೀರು ಹಾಯಿಸುವವಳನ್ನು ಮೊದಲು ಕೇಳಿ.

ಬಸ್ಸು ಬಂತು. ಹತ್ತುವಾಗ ಹಿಂದಿನಿಂದ ಗಂಗವ್ವನ ದನಿ: “ನಾಳೆನೂ ಆಡತಾಳಲ್ಲ ಕವಿತಾ? ಹಂಗಾರ ನಸುಕಿನ್ಯಾಗ ನೀರ ಹಾಯಿಸಿ ಬರತೇನಿ. ಫೋನ್ ಚಾರ್ಜ್ ಮಾಡಿ ಇಡು.”